ಅಜ್ಜನ ಗೇಣಿಗದ್ದೆ ಎಲ್ಲಿತ್ತು? ಒಕ್ಕಲು ಮನೆತನಗಳ ಹಿರಿಯರನ್ನು ಅರಸುವ ಬಗೆ

ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿಮುಂಬಯಿ ಪರಿಸರದಲ್ಲಿ ನೆಲೆಸಿರುವ ನಮ್ಮ ಕನ್ನಡಿಗ ಕುಟುಂಬಗಳಲ್ಲಿ ಈಗ ಮೂರನೆಯ, ಕೆಲವೆಡೆ ನಾಲ್ಕನೆಯ ತಲೆಮಾರು ಬೆಳೆಯುತ್ತಿದೆ. ಮೊದಲು ಬಂದವರು ಹೊಟೇಲಿನಲ್ಲೋ, ಮಿಲ್ಲಿನಲ್ಲೋ, ಫೋರ್ಟ್ ಪರಿಸರದ ಕ್ಯಾಂಟೀನುಗಳಲ್ಲೋ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಊರಿಗೆ ಮನಿಯಾರ್ಡರ್ ಕಳುಹಿಸಿದವರು. ಅವರ ಮಕ್ಕಳು ದಾದರ್, ಪರೇಲ್‌ಗಳ ಚಾಳು ಬಿಟ್ಟು ಈಚೆಗೆ ಬಂದು ಮನೆ ಮಾಡಿದರು. ಮೊಮ್ಮಕ್ಕಳಿಗೆ ಊರೆಂದರೆ ಮೇ ತಿಂಗಳ ರಜೆಯಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಿಂದ ಇಳಿದು ಸೇರುವ ಒಂದು ಮನೆ. ಆ ಮನೆಗೂ ಮುಂಚೆ ಹಿರಿಯರು ಎಲ್ಲಿದ್ದರು, ಯಾರ ಗದ್ದೆಯನ್ನು ಉಳುತ್ತಿದ್ದರು, ಅಲ್ಲಿಂದ ಏಕೆ ಎದ್ದರು ಎಂಬ ಪ್ರಶ್ನೆಗೆ ಉತ್ತರ ಹೇಳಬಲ್ಲ ಹಿರಿಯರು ಒಬ್ಬೊಬ್ಬರಾಗಿ ನಮ್ಮನ್ನು ಅಗಲುತ್ತಿದ್ದಾರೆ.

ಈ ಪ್ರಶ್ನೆ ನಮ್ಮ ಬಳಗದಲ್ಲಿ ಮತ್ತೆ ಮತ್ತೆ ಏಳುವುದನ್ನು ನಾವು ಕಂಡಿದ್ದೇವೆ. ಮನೆಯಲ್ಲಿ ಏನಾದರೂ ತೊಂದರೆ ಕಂಡು ಮೂಲ ನಾಗನನ್ನು ಹುಡುಕಬೇಕಾದಾಗ, ಮದುವೆಯ ಮಾತುಕತೆಯಲ್ಲಿ ಬರಿ ಯಾವುದೆಂದು ಕೇಳಿದಾಗ, ಜಾತಿ ಪ್ರಮಾಣಪತ್ರಕ್ಕೆ ಹಿರಿಯರ ಊರಿನ ಹಳೆಯ ದಾಖಲೆ ತರಲು ಹೇಳಿದಾಗ, ಶಾಲೆಯಲ್ಲಿ ಮಗುವಿಗೆ ವಂಶವೃಕ್ಷ ಬರೆದು ತರಲು ಹೇಳಿದಾಗ ಮನೆಮಂದಿ ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಗುತ್ತು, ಬೀಡುಗಳ ಹಿನ್ನೆಲೆಯವರಿಗೆ ಉತ್ತರ ಸುಲಭ, ಮನೆಯ ಹೆಸರೇ ಚರಿತ್ರೆ. ಆದರೆ ನಮ್ಮಲ್ಲಿ ಬಹುಮಂದಿಯ ಹಿರಿಯರು ಇನ್ನೊಬ್ಬರ ಭೂಮಿಯನ್ನು ಗೇಣಿಗೆ ಮಾಡಿದ ಒಕ್ಕಲಿನವರು, ಅಥವಾ ಆ ಒಕ್ಕಲಿನವರ ಗದ್ದೆಯಲ್ಲಿ ಕೂಲಿ ಮಾಡಿದವರು. ಇಂಥವರನ್ನು ದಾಖಲೆಯಲ್ಲಿ ಹುಡುಕುವ ದಾರಿ ಬೇರೆಯೇ ಇದೆ. ಅದನ್ನು ನಮಗೆ ತಿಳಿದಷ್ಟು ಇಲ್ಲಿ ವಿವರಿಸುತ್ತೇವೆ.

ಹೊರದೇಶಗಳಲ್ಲಿ ಈ ಹುಡುಕಾಟ ದೊಡ್ಡ ಹವ್ಯಾಸವಾಗಿ ಬೆಳೆದಿದೆ. ಸ್ಕಾಟ್ಲೆಂಡಿನ ಉದಾಹರಣೆ ನಮಗೆ ಹತ್ತಿರದ್ದು. ಅಲ್ಲಿಯ ಬೇಸಾಯದ ಆಳುಗಳೂ ಒಂದೆಡೆ ನಿಂತವರಲ್ಲ. ಮೇ ಹಾಗೂ ನವೆಂಬರ್ ತಿಂಗಳ ವಾಯಿದೆಯ ದಿನಗಳಲ್ಲಿ ಒಪ್ಪಂದ ಮುಗಿಯುತ್ತಿತ್ತು. ಒಂಟಿ ಆಳು ಆರು ತಿಂಗಳಿಗೆ, ಸಂಸಾರಸ್ಥ ವರ್ಷಕ್ಕೆ ಒಡೆಯನನ್ನು ಬದಲಿಸಿ, ಗಂಟುಮೂಟೆ ಗಾಡಿಗೇರಿಸಿ ಮುಂದಿನ ಫಾರ್ಮಿಗೆ ಹೋಗುತ್ತಿದ್ದ. ಕವಿ ರಾಬರ್ಟ್ ಬರ್ನ್ಸ್‌ನ ತಂದೆಯೂ ಗೇಣಿ ಬೇಸಾಯಗಾರನೇ. ಕೊನೆಗಾಲದಲ್ಲಿ ಜಮೀನುದಾರನೊಡನೆ ವ್ಯಾಜ್ಯದಲ್ಲಿ ಬಳಲಿ 1784ರಲ್ಲಿ ತೀರಿಕೊಂಡ. ಆದರೂ ಇಂದಿನ ಸ್ಕಾಟ್ಲೆಂಡಿನವನಿಗೆ ಮುತ್ತಜ್ಜ ಸಿಗುತ್ತಾನೆ. 1841ರಿಂದ ಹತ್ತು ವರ್ಷಕ್ಕೊಮ್ಮೆ ಹೆಸರು ಸಹಿತ ಜನಗಣತಿ ನಡೆದಿದ್ದು, ನೂರು ವರ್ಷ ಕಳೆದ ಹಾಳೆಗಳನ್ನು ಸಾರ್ವಜನಿಕರಿಗೆ ತೆರೆಯುತ್ತಾರೆ. 1855ರಿಂದ ಜನನ, ಮದುವೆ, ಮರಣಗಳ ಕಡ್ಡಾಯ ನೋಂದಣಿ ಇದೆ.

ನಮ್ಮಲ್ಲಿ ಈ ಎರಡು ಬಾಗಿಲುಗಳೂ ಬಹುಮಟ್ಟಿಗೆ ಮುಚ್ಚಿವೆ. 1948ರ ಜನಗಣತಿ ಕಾಯಿದೆಯಂತೆ ಗಣತಿದಾರ ಬರೆದುಕೊಂಡ ಮನೆಮನೆಯ ವಿವರವನ್ನು ಯಾರೂ ನೋಡುವಂತಿಲ್ಲ. ನೂರು ವರ್ಷದ ಬಳಿಕ ತೆರೆಯುವ ಏರ್ಪಾಡೂ ಇಲ್ಲ. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯಿದೆ ಬಂದದ್ದು 1969ರಲ್ಲಿ. ಅದಕ್ಕೂ ಮುಂಚೆ ಮದ್ರಾಸು ಪ್ರಾಂತ್ಯದ ಕಾಲದಲ್ಲಿ ಗ್ರಾಮದ ಪಟೇಲರು ಇಡುತ್ತಿದ್ದ ಪುಸ್ತಕಗಳಿದ್ದವು. ಆದರೆ ನಾಮಕರಣಕ್ಕೆ ಮೊದಲೇ ಬರೆಸಿದ ಜನನದಲ್ಲಿ ಮಗುವಿನ ಹೆಸರೇ ಇರುವುದಿಲ್ಲ. 'ಗಂಡು' ಅಥವಾ 'ಹೆಣ್ಣು' ಎಂದಷ್ಟೇ ಬರೆದು ಮುಂದೆ ತಂದೆಯ ಹೆಸರಿರುತ್ತದೆ. ಹೀಗಾಗಿ ನಮ್ಮ ಹುಡುಕಾಟ ಮನುಷ್ಯನಿಂದ ಆರಂಭವಾಗದೆ ಭೂಮಿಯಿಂದ ಆರಂಭವಾಗಬೇಕಾಗುತ್ತದೆ.

ಭೂಮಿಯ ದಾಖಲೆಗಳಿಗೂ ಸ್ಕಾಟ್ಲೆಂಡಿಗೂ ಒಂದು ಸಂಬಂಧವಿದೆ ಎಂಬುದು ಸ್ವಾರಸ್ಯದ ಸಂಗತಿ. 1799ರಲ್ಲಿ ಟಿಪ್ಪುವಿನ ಪತನಾನಂತರ ಕೆನರಾ ಕಂಪೆನಿಯ ಕೈಗೆ ಬಂದಾಗ ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮುನ್ರೋ ಗ್ಲಾಸ್ಗೋ ನಗರದವನು. 1801ರಲ್ಲಿ ಇಲ್ಲಿನ ಹಳ್ಳಿಗಳಲ್ಲಿ ತಿರುಗಾಡಿ ಬೆಳೆ, ಗೇಣಿ, ಕೂಲಿಗಳ ವಿವರ ಬರೆದ ಫ್ರಾನ್ಸಿಸ್ ಬುಕಾನನ್ನನೂ ಸ್ಕಾಟ್ಲೆಂಡಿನವನೇ. ಕೆನರಾದಲ್ಲಿ ಭೂಮಿ ಖಾಸಗಿ ಆಸ್ತಿಯಾಗಿ ಪರಂಪರೆಯಿಂದ ಬಂದುದನ್ನು ಮುನ್ರೋ ಗುರುತಿಸಿದ. ಸರಕಾರ ತೀರ್ವೆಯನ್ನು ಪಡೆಯುತ್ತಿದ್ದುದು ವರ್ಗದಾರನಿಂದ. ವರ್ಗ ಎಂದರೆ ಒಬ್ಬನ ಹೆಸರಿನ ಲೆಕ್ಕದಲ್ಲಿರುವ ಹಿಡುವಳಿ. ವರ್ಗದಾರನ ಕೆಳಗೆ ಯಾರು ಉಳುತ್ತಾರೆಂಬುದು ಸರಕಾರದ ಚಿಂತೆಯಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕಂದಾಯ ಪುಸ್ತಕಗಳಲ್ಲಿ ಒಕ್ಕಲಿನವನ ಹೆಸರು ಸಿಗದೆ ನಿರಾಶರಾಗುವವರು ಈ ಕಾರಣವನ್ನು ನೆನಪಿಡಬೇಕು.

ಒಕ್ಕಲಿನವರಲ್ಲೂ ಎರಡು ಬಗೆಯಿತ್ತು. ಮೂಲಗೇಣಿಯವನದು ಶಾಶ್ವತ ಹಕ್ಕು. ಗೇಣಿ ನಿಗದಿಯಾದದ್ದು, ಭೂಮಿ ಮಕ್ಕಳಿಗೆ ಬರುವಂಥದ್ದು. ಚಾಲಗೇಣಿಯವನದು ವರ್ಷದಿಂದ ವರ್ಷಕ್ಕೆ ನಡೆಯುವ ಒಪ್ಪಂದ. ಧಣಿಗಳು ಏಳೆಂದರೆ ಏಳಬೇಕು. ಗೇಣಿಯನ್ನು ಮುಡಿ ಲೆಕ್ಕದಲ್ಲಿ ಅಕ್ಕಿಯಾಗಿ ಅಳೆಯುತ್ತಿದ್ದರು. ಒಂದು ಮುಡಿಗೆ ಮೂರು ಕಳಸೆ, ಅಂದರೆ 42 ಸೇರು. ಬಿಸುವಿನ ಹಬ್ಬಕ್ಕೆ ತರಕಾರಿ, ಹಣ್ಣುಗಳ ಬುಳೆಕಾಣಿಕೆ ಹೊತ್ತುಕೊಂಡು ಧಣಿಗಳ ಮನೆಯಂಗಳದಲ್ಲಿ ನಿಲ್ಲುವ ಪದ್ಧತಿಯಿತ್ತು. ಒಕ್ಕಲು ಎದ್ದ ಮನೆಯವರು ಇನ್ನೊಂದು ಗ್ರಾಮಕ್ಕೆ, ಇನ್ನೊಬ್ಬ ಧಣಿಯ ಗದ್ದೆಗೆ ಹೋಗುತ್ತಿದ್ದರು. ಕೆಲವರು ಘಟ್ಟ ಹತ್ತಿ ಕಾಫಿ ತೋಟಗಳಿಗೆ ಹೋದರು. ಒಬ್ಬಿಬ್ಬರು ಹುಡುಗರು ಹಡಗು ಹತ್ತಿ ಮುಂಬಯಿಗೆ ಬಂದರು.

ಹುಡುಕಾಟವನ್ನು ಊರಿನಲ್ಲಿ ಆರಂಭಿಸದೆ ಇಲ್ಲಿಯ ಮನೆಯ ಕಪಾಟಿನಲ್ಲಿ ಆರಂಭಿಸುವುದು ಲೇಸು. ಅಜ್ಜನ ಟ್ರಂಕಿನಲ್ಲಿ ಮನಿಯಾರ್ಡರ್ ರಶೀದಿ ಇದ್ದರೆ ಅದಕ್ಕಿಂತ ಉತ್ತಮ ದಾಖಲೆ ಇಲ್ಲ. ಅದರಲ್ಲಿ ಹಣ ಪಡೆಯುವವರ ಹೆಸರು, ಮನೆ, ಗ್ರಾಮ, ಅಂಚೆ, ತಾಲೂಕು ಎಲ್ಲವೂ ಅಜ್ಜನ ಕಾಲದ್ದೇ ಆಗಿರುತ್ತದೆ. ಪಿನ್‌ಕೋಡ್ ಜಾರಿಗೆ ಬಂದದ್ದು 1972ರಲ್ಲಿ. ಅದಿಲ್ಲದ ವಿಳಾಸ ಸಾಮಾನ್ಯವಾಗಿ ಅದಕ್ಕೂ ಹಿಂದಿನದೆಂದು ಊಹಿಸಬಹುದು. ಮಿಲ್ಲಿನ ಸೇವಾ ಪುಸ್ತಕ, ರಾತ್ರಿಶಾಲೆ ಬಿಟ್ಟ ಪ್ರಮಾಣಪತ್ರ, ಹಳೆಯ ರೇಶನ್ ಕಾರ್ಡು, ಮದುವೆಯ ಕರೆಯೋಲೆ, ಊರಿನಿಂದ ಬಂದ ಇನ್‌ಲ್ಯಾಂಡ್ ಪತ್ರ ಇವೆಲ್ಲವನ್ನೂ ಒಂದೆಡೆ ಸೇರಿಸಬೇಕು. ಮುಂಬಯಿಯ ಜಾತೀಯ ಸಂಘಗಳು ಬಹಳ ಹಳೆಯವು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ ಸ್ಥಾಪನೆಯಾದವು. ಅಜ್ಜ ಇಂಥ ಸಂಘದ ಸದಸ್ಯರಾಗಿದ್ದರೆ ಹಳೆಯ ಸದಸ್ಯರ ಪಟ್ಟಿಯಲ್ಲಿ, ಸ್ಮರಣ ಸಂಚಿಕೆಯಲ್ಲಿ ಊರಿನ ಹೆಸರು ಸಿಗುವ ಸಂಭವವಿದೆ.

ಸಿಕ್ಕಿದ ವಿಳಾಸದ ತಾಲೂಕನ್ನು ಇಂದಿನ ನಕ್ಷೆಯಲ್ಲಿ ಹುಡುಕಿದರೆ ದಾರಿ ತಪ್ಪುತ್ತದೆ. ಹಳೆಯ ದಕ್ಷಿಣ ಕನ್ನಡದಲ್ಲಿ ಕಾಸರಗೋಡು ಕೂಡ ಒಂದು ತಾಲೂಕು. 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಸೇರಿತು. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅನಂತರ ಕಾಪು, ಬ್ರಹ್ಮಾವರ, ಬೈಂದೂರು, ಹೆಬ್ರಿ, ಮೂಲ್ಕಿ, ಮೂಡುಬಿದಿರೆ, ಕಡಬ, ಉಳ್ಳಾಲ ಎಂದು ಹೊಸ ತಾಲೂಕುಗಳಾದವು. ಅಜ್ಜನ ಕಾಗದದಲ್ಲಿ ಕಾರ್ಕಳ ತಾಲೂಕೆಂದಿರುವ ಗ್ರಾಮ ಇಂದು ಹೆಬ್ರಿಯಲ್ಲಿರಬಹುದು. ಗ್ರಾಮದ ಹೆಸರು ಮಾತ್ರ ಸಾಮಾನ್ಯವಾಗಿ ಬದಲಾಗುವುದಿಲ್ಲ. ಅದನ್ನೇ ಹಿಡಿದು ಹೋಗಬೇಕು.

ಮನೆಯ ಹೆಸರು ಇನ್ನೊಂದು ಕೀಲಿಕೈ. ಬೈಲು, ಮಜಲು, ಬೆಟ್ಟು ಎಂಬವು ಗದ್ದೆಯ ಮೂರು ಬಗೆಗಳು. ತಗ್ಗಿನಲ್ಲಿ ನೀರು ನಿಲ್ಲುವ ಮೂರು ಬೆಳೆಯ ಗದ್ದೆ ಬೈಲು. ಎರಡು ಬೆಳೆಯದು ಮಜಲು. ಮಳೆಯನ್ನೇ ನಂಬಿ ಒಂದು ಬೆಳೆ ತೆಗೆಯುವ ಎತ್ತರದ್ದು ಬೆಟ್ಟು. ಮೂಡು, ಪಡು, ತೆಂಕು, ಬಡಗು ದಿಕ್ಕನ್ನು ಹೇಳುತ್ತವೆ. ಹೀಗೆ 'ಪಡುಮಜಲು' ಎಂಬ ಮನೆ ಹೆಸರಿದ್ದರೆ ಯಾವುದೋ ಒಂದು ದೊಡ್ಡ ಮನೆಯ ಪಶ್ಚಿಮಕ್ಕಿದ್ದ ಎರಡು ಬೆಳೆಯ ಗದ್ದೆಯ ಒಕ್ಕಲೆಂದು ಊಹಿಸಬಹುದು. ಆ ದೊಡ್ಡ ಮನೆ ಯಾವುದೆಂದು ಗ್ರಾಮದ ಹಿರಿಯರಿಗೆ ತಿಳಿದಿರುತ್ತದೆ. ಆದರೆ ಎಚ್ಚರಿಕೆ ಬೇಕು. ಒಕ್ಕಲು ಎದ್ದು ಹೋದವರಲ್ಲಿ ಕೆಲವರು ಹಳೆಯ ಮನೆಯ ಹೆಸರನ್ನು ಜತೆಗೇ ಕೊಂಡೊಯ್ಯುತ್ತಿದ್ದರು. ಕೆಲವರನ್ನು ಹೊಸ ಊರಿನವರು ಹೊಸ ಮನೆಯ ಹೆಸರಿನಿಂದಲೇ ಕರೆದರು.

ಇದಕ್ಕಿಂತ ದೊಡ್ಡ ತೊಡಕು ಅಳಿಯಸಂತಾನದ್ದು. ಬಂಟ, ಬಿಲ್ಲವ, ಮೊಗವೀರ ಮೊದಲಾದ ಸಮುದಾಯಗಳಲ್ಲಿ ಬರಿಯೂ ಕುಟುಂಬವೂ ತಾಯಿಯ ಕಡೆಯಿಂದ ಬರುವಂಥವು. ಮುಂಬಯಿಯ ಶಾಲೆಗಳಲ್ಲಿ ಮಗುವಿನ ಹೆಸರಿನ ಮುಂದೆ ತಂದೆಯ ಹೆಸರು, ತಂದೆಯ ಉಪನಾಮ ಬರೆಸುವುದು ರೂಢಿ. ಎರಡು ತಲೆಮಾರು ಹೀಗೆ ನಡೆದ ಮೇಲೆ ಮೊಮ್ಮಗ ತನ್ನ ಉಪನಾಮವನ್ನು ಹಿಡಿದು ಊರಿಗೆ ಹೋದರೆ ಅಜ್ಜನ ತಾಯಿಯ ಮನೆಯನ್ನು ತಲಪುತ್ತಾನೆಯೇ ಹೊರತು, ಪದ್ಧತಿಯ ಪ್ರಕಾರ ತನ್ನದಾದ ಕುಟುಂಬವನ್ನಲ್ಲ. ಎರಡೂ ಅವನ ಹಿರಿಯರೇ, ಅದರಲ್ಲಿ ತಪ್ಪಿಲ್ಲ. ಆದರೆ ಗೇಣಿ ದಾಖಲೆಯಲ್ಲಿ ಬರುವ ಹೆಸರು ಸಾಮಾನ್ಯವಾಗಿ ಕುಟುಂಬದ ಯಜಮಾನನದು, ಅಂದರೆ ಅಜ್ಜಿಯ ಅಣ್ಣನದೋ ಸೋದರಮಾವನದೋ ಆಗಿರಬಹುದು. ಹಳೆಯ ಶಾಲಾ ದಾಖಲಾತಿ ಪುಸ್ತಕದ ಪೋಷಕರ ಕಾಲಂನಲ್ಲಿ ಮಾವನ ಹೆಸರಿರುವುದೂ ಇದೇ ಕಾರಣಕ್ಕೆ. ಆದ್ದರಿಂದ ಅಜ್ಜಿಯ ತಾಯಿಯ ಮನೆ ಯಾವುದು, ಆ ಮನೆಯ ಯಜಮಾನರು ಯಾರು ಎಂಬುದನ್ನು ಮೊದಲು ಕೇಳಿ ತಿಳಿಯಬೇಕು. ಇದನ್ನು ಹೇಳಬಲ್ಲವರು ಹೆಚ್ಚಾಗಿ ಹೆಂಗಸರು. ವಂಶಾವಳಿ ಬರೆಯಲು ಕುಳಿತವರು ಮನೆಯ ಗಂಡಸರನ್ನೇ ವಿಚಾರಿಸಿ ಎದ್ದು ಬರುವುದನ್ನು ನಾವು ನೋಡಿದ್ದೇವೆ. ಅರ್ಧ ಮಾಹಿತಿ ಅಡುಗೆಮನೆಯಲ್ಲೇ ಉಳಿದುಬಿಡುತ್ತದೆ. 1949ರ ಮದ್ರಾಸು ಅಳಿಯಸಂತಾನ ಕಾಯಿದೆ ಕವರುಗಳ ನಡುವೆ ಪಾಲಿಗೆ ಅವಕಾಶ ಕೊಟ್ಟಿತು. ಅನಂತರ ನಡೆದ ಪಾಲುಪಟ್ಟಿಗಳಲ್ಲಿ, ನ್ಯಾಯಾಲಯದ ದಾವೆಗಳಲ್ಲಿ ಹೆಣ್ಣುಮಕ್ಕಳ ಹೆಸರುಗಳೂ ಸೇರಿದ ಸಂತತಿಯ ಪಟ್ಟಿ ದೊರೆಯುತ್ತದೆ.

ಇನ್ನು ಒಕ್ಕಲಿನವರ ಪಾಲಿನ ಅತಿ ಮುಖ್ಯ ದಾಖಲೆಗೆ ಬರೋಣ. 1961ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಕಾಲದಲ್ಲಿ ಮಾಡಿದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಆ ದಿನ ಗೇಣಿಗೆ ಕೊಟ್ಟಿದ್ದ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಉಳುತ್ತಿದ್ದವನು ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ಅಧಿಭೋಗದ ಹಕ್ಕನ್ನು ಪಡೆಯಬೇಕಾಯಿತು. ನಮ್ಮ ಜಿಲ್ಲೆಯ ಮಾತಿನಲ್ಲಿ ಇದಕ್ಕೆ 'ಡಿಕ್ಲರೇಶನ್' ಎಂದೇ ಹೆಸರು. ಅರ್ಜಿಯ ಗಡುವು ಹಲವು ಬಾರಿ ಮುಂದೆ ಹೋಗಿ 1979ರ ಜೂನ್ 30ಕ್ಕೆ ಮುಗಿಯಿತು. ತಾಲೂಕು ಮಟ್ಟದಲ್ಲಿ ಸಹಾಯಕ ಕಮಿಷನರ್ ದರ್ಜೆಯ ಅಧಿಕಾರಿಯ ಅಧ್ಯಕ್ಷತೆಯಲ್ಲಿ ಭೂನ್ಯಾಯಮಂಡಳಿಗಳು ಕುಳಿತು ವಿಚಾರಣೆ ನಡೆಸಿದವು.

ಈ ಕಡತಗಳ ಬೆಲೆ ಏನೆಂದು ಬಹುಮಂದಿಗೆ ತಿಳಿಯದು. ಅರ್ಜಿಯಲ್ಲಿ ಅರ್ಜಿದಾರನ ಹೆಸರು, ಧಣಿಯ ಹೆಸರು, ಸರ್ವೆ ನಂಬರ್, ವಿಸ್ತೀರ್ಣ, ಗೇಣಿಯ ಪ್ರಮಾಣ ಇರುತ್ತವೆ. ಅದರ ಹಿಂದೆ ಜೋಡಿಸಿದ ಗೇಣಿಚೀಟು, ಗೇಣಿ ರಶೀದಿಗಳು ಇರುವುದುಂಟು. ಎಲ್ಲಕ್ಕಿಂತ ಮಿಗಿಲಾಗಿ ವಿಚಾರಣೆಯ ಹೇಳಿಕೆಗಳಿವೆ. ತಾನು ಎಷ್ಟು ವರ್ಷಗಳಿಂದ ಉಳುತ್ತಿದ್ದೇನೆ, ತನಗಿಂತ ಮೊದಲು ಯಾರು ಉಳುತ್ತಿದ್ದರು, ಮನೆ ಕಟ್ಟಿದವರು ಯಾರು, ತೆಂಗು ನೆಟ್ಟವರು ಯಾರು, ಗೇಣಿ ಯಾರ ಕೈಗೆ ಅಳೆದು ಕೊಟ್ಟರು ಎಂಬ ವಿಷಯಗಳನ್ನು ಒಕ್ಕಲಿನವನು ಅಧಿಕಾರಿಗಳೆದುರು ಹೇಳಿ ಹೆಬ್ಬೆಟ್ಟು ಒತ್ತಿದ್ದಾನೆ. ಅವನ ಹೇಳಿಕೆಗೆ ನೆರೆಯ ಗದ್ದೆಯವನು ಸಾಕ್ಷಿ ಹೇಳಿದ್ದಾನೆ. ಓದು ಬರಹವಿಲ್ಲದ ಒಬ್ಬ ಬೇಸಾಯಗಾರ ತನ್ನ ಮನೆತನದ ಕಥೆಯನ್ನು ಹೇಳಿ, ಅದನ್ನು ಸರಕಾರ ಬರೆದಿಟ್ಟುಕೊಂಡ ಸಂದರ್ಭ ಇದಕ್ಕೆ ಮೊದಲು ಹೆಚ್ಚಾಗಿ ಬಂದಿರಲಿಲ್ಲ. ಎದುರು ಪಕ್ಷದ ಧಣಿಗಳ ಹೇಳಿಕೆಯನ್ನೂ ಓದಬೇಕು. ಅವರು ಒಕ್ಕಲಿನವನನ್ನು ಕೂಲಿಯಾಳೆಂದು ವಾದಿಸಿರಬಹುದು. ಆ ವಾದದಲ್ಲೂ ಹೆಸರು, ವರ್ಷಗಳು ಸಿಗುತ್ತವೆ.

ಕಡತವನ್ನು ಪಡೆಯುವುದು ಕಷ್ಟವಲ್ಲ, ತಾಳ್ಮೆ ಬೇಕು. ತಾಲೂಕು ಕಚೇರಿಯ ದಾಖಲೆ ಕೊಠಡಿಗೆ ನಕಲು ಅರ್ಜಿ ಕೊಡಬೇಕು. 2005ರ ಮಾಹಿತಿ ಹಕ್ಕು ಕಾಯಿದೆಯಡಿಯೂ ಕೇಳಬಹುದು. ಪ್ರಕರಣದ ನಂಬರ್ ತಿಳಿದಿದ್ದರೆ ಕೆಲಸ ಬೇಗ ಆಗುತ್ತದೆ. ಆ ನಂಬರ್ ಮನೆಯಲ್ಲಿರುವ ಹತ್ತನೆಯ ನಮೂನೆಯ ಅಧಿಭೋಗ ಪ್ರಮಾಣಪತ್ರದಲ್ಲಿ ಇರುತ್ತದೆ; ಪಹಣಿಯಲ್ಲಿ, ಮ್ಯುಟೇಶನ್ ದಾಖಲೆಯಲ್ಲಿ ಉಲ್ಲೇಖವಾಗಿರುವುದೂ ಉಂಟು. ಮಂಡಳಿಯ ತೀರ್ಪನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದ ಪ್ರಕರಣಗಳು ಹೇರಳ. ತಾಲೂಕಿನಲ್ಲಿ ಕಡತ ಸಿಗದಿದ್ದರೆ ಈ ದಾರಿಯನ್ನೂ ಯೋಚಿಸಬೇಕು.

ಇಲ್ಲಿ ಒಂದು ಸೂಕ್ಷ್ಮ ವಿಷಯವನ್ನು ಹೇಳದಿರಲಾಗದು. 1974ರಲ್ಲಿ ಅನೇಕ ಮನೆಗಳ ಒಬ್ಬ ಮಗ ಊರಿನಲ್ಲಿ ಉಳುತ್ತಿದ್ದ, ಇಬ್ಬರು ಮುಂಬಯಿಯಲ್ಲಿ ದುಡಿದು ಹಣ ಕಳುಹಿಸುತ್ತಿದ್ದರು. ಅರ್ಜಿಯನ್ನು ಊರಿನಲ್ಲಿದ್ದವನು ತನ್ನ ಹೆಸರಿನಲ್ಲಿ ಕೊಟ್ಟ. ಅದು ಕುಟುಂಬದ ಪರವಾಗಿ ಕೊಟ್ಟದ್ದೇ, ಅವನೊಬ್ಬನ ಹಕ್ಕೇ ಎಂಬ ವಿವಾದ ಅಣ್ಣತಮ್ಮಂದಿರ ನಡುವೆ, ಅಕ್ಕತಂಗಿಯರ ನಡುವೆ ಇಂದಿಗೂ ಆರಿಲ್ಲ. ಮುಂಬಯಿಯಿಂದ ಒಬ್ಬ ಮೊಮ್ಮಗ ಹಳೆಯ ಡಿಕ್ಲರೇಶನ್ ಕಡತ ಕೇಳಿಕೊಂಡು ಬಂದನೆಂದರೆ ಊರಿನ ಚಿಕ್ಕಪ್ಪನಿಗೆ ಅನುಮಾನ ಬರುವುದು ಸಹಜ. ಕಚೇರಿಗೆ ಹೋಗುವ ಮುನ್ನ ಚಿಕ್ಕಪ್ಪನ ಮನೆಗೆ ಹೋಗಿ, ಬಂದ ಕಾರಣವನ್ನು ಬಿಚ್ಚಿ ಹೇಳುವುದು ಮೇಲು. ಹಕ್ಕು ಕೇಳಲೆಂದೇ ಹೋಗುವವರಿದ್ದರೆ ಅದು ಬೇರೆ ವಿಷಯ. ಅವರು ವಕೀಲರನ್ನು ಕಾಣಲಿ.

ನಮ್ಮ ಸಂಘಗಳ ಸಭೆಯಲ್ಲಿ ಧಣಿಗಳ ಮೊಮ್ಮಗನೂ ಒಕ್ಕಲಿನವರ ಮೊಮ್ಮಗನೂ ಒಂದೇ ಸಾಲಿನ ಕುರ್ಚಿಯಲ್ಲಿ ಕುಳಿತಿರುತ್ತಾರೆ. ಬಹಳ ಸಲ ಇಬ್ಬರಿಗೂ ಅದು ತಿಳಿದಿರುವುದಿಲ್ಲ. ತಿಳಿದರೆ ಪ್ರಯೋಜನವಿದೆ. ದೊಡ್ಡ ಮನೆಗಳಲ್ಲಿ, ಮಠ ಹಾಗೂ ದೇವಸ್ಥಾನಗಳಲ್ಲಿ ಗೇಣಿ ಲೆಕ್ಕದ ಪುಸ್ತಕಗಳಿದ್ದವು. ಯಾವ ಒಕ್ಕಲು, ಎಷ್ಟು ಮುಡಿ, ಎಷ್ಟು ಬಾಕಿ ಎಂದು ವರ್ಷವರ್ಷವೂ ಬರೆದಿಟ್ಟ ಈ ಪುಸ್ತಕಗಳು ಸರಕಾರದ ಯಾವ ದಾಖಲೆಗಿಂತಲೂ ಹಿಂದಕ್ಕೆ ಹೋಗಬಲ್ಲವು. ಭೂಮಿ ಕೈಬಿಟ್ಟ ಮೇಲೆ ಬೇಡವೆಂದು ಸುಟ್ಟವರಿದ್ದಾರೆ, ಅಟ್ಟದಲ್ಲಿ ಗೆದ್ದಲಿಗೆ ಬಿಟ್ಟವರಿದ್ದಾರೆ. ಮನೆಯಲ್ಲಿ ಅಂಥ ಪುಸ್ತಕ ಉಳಿದಿದ್ದರೆ ದಯವಿಟ್ಟು ಎಸೆಯಬೇಡಿರೆಂದು ಅಂಥ ಮನೆತನದ ಮಿತ್ರರಲ್ಲಿ ನಮ್ಮ ವಿನಂತಿ. ನಿಮಗೆ ಅದು ಮುಗಿದ ಲೆಕ್ಕವಾಗಿರಬಹುದು. ಹತ್ತಾರು ಮನೆಗಳಿಗೆ ತಮ್ಮ ಹಿರಿಯರ ಹೆಸರಿರುವ ಏಕೈಕ ಪುಟ ಅದರಲ್ಲಿರಬಹುದು.

ಪಹಣಿಯ ಬಗ್ಗೆ ಇಲ್ಲಿಯವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮಹಾರಾಷ್ಟ್ರದ ಸಾತ್-ಬಾರಾ ಕಂಡವರಿಗೆ ಅದರ ಕನ್ನಡ ರೂಪ ಬೇಗ ಅರ್ಥವಾಗುತ್ತದೆ. 9ನೆಯ ಕಾಲಂನಲ್ಲಿ ಹಕ್ಕುದಾರರ ಹೆಸರು, 12ರಲ್ಲಿ ಉಳುವವರ ವಿವರ. ಗಣಕೀಕೃತ ಪಹಣಿಯಲ್ಲಿ ಇತ್ತೀಚಿನ ವರ್ಷಗಳು ಮಾತ್ರ ಸಿಗುತ್ತವೆ; ನಮಗೆ ಬೇಕಾದದ್ದು ಅದಕ್ಕೂ ಹಿಂದಿನ ಕೈಬರಹದ ಪುಸ್ತಕ, ಅದರಲ್ಲೂ 1974ಕ್ಕೆ ಹಿಂದಿನ ವರ್ಷಗಳ 12ನೆಯ ಕಾಲಂ. ಅದಕ್ಕೂ ಹಿಂದೆ ಮದ್ರಾಸು ಕಾಲದ ಅಡಂಗಲ್, ಸೆಟ್ಲ್‌ಮೆಂಟ್ ಪುಸ್ತಕಗಳಿವೆ. ಉಪನೋಂದಣಾಧಿಕಾರಿಗಳ ಕಚೇರಿಯನ್ನೂ ಮರೆಯಬಾರದು. ಮೂಲಗೇಣಿ ಚೀಟು, ಅಡವು ಪತ್ರ, ಪಾಲುಪಟ್ಟಿಗಳು ಅಲ್ಲಿ ನೋಂದಣಿಯಾಗಿವೆ. 1908ರ ನೋಂದಣಿ ಕಾಯಿದೆಯಂತೆ ಹೆಸರಿನ ಸೂಚಿ ಒಂದು, ಆಸ್ತಿಯ ಸೂಚಿ ಇನ್ನೊಂದು. ಸ್ಥಿರಾಸ್ತಿಯ ಪುಸ್ತಕವನ್ನು ಹಾಗೂ ಅದರ ಸೂಚಿಗಳನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು. ಹಳೆಯ ಪತ್ರಗಳ ಕನ್ನಡ ಕೈಬರಹ ಕೂಡಿಕೊಂಡಂತೆ ಇರುತ್ತದೆ. ಓದಬಲ್ಲ ಹಳೆಯ ಪತ್ರಬರಹಗಾರರೊಬ್ಬರನ್ನು ಜತೆಗೆ ಕರೆದೊಯ್ದರೆ ಅನುಕೂಲ.

ಕಾಸರಗೋಡು ಕಡೆಯವರಿಗೆ ಕಾಯಿದೆ ಬೇರೆ. ಕೇರಳದ 1963ರ ಭೂಸುಧಾರಣಾ ಕಾಯಿದೆಯ ತಿದ್ದುಪಡಿಯಿಂದ 1970ರ ಜನವರಿ 1ರಂದು ಗೇಣಿ ಪದ್ಧತಿ ಕೊನೆಗೊಂಡಿತು. ಅಲ್ಲಿಯ ಲ್ಯಾಂಡ್ ಟ್ರಿಬ್ಯೂನಲ್ ಒಕ್ಕಲಿನವರಿಗೆ ಕೊಟ್ಟ ಪಟ್ಟೆಯ ಕಡತವೇ ಇಲ್ಲಿ ಡಿಕ್ಲರೇಶನ್ ಕಡತದ ಸ್ಥಾನದಲ್ಲಿದೆ. 1956ಕ್ಕೆ ಹಿಂದಿನ ಪತ್ರಗಳು ಕನ್ನಡದಲ್ಲಿವೆ. ಹೊಸ ಕಚೇರಿಯ ನೌಕರರಿಗೆ ಕನ್ನಡ ಬರದಿದ್ದರೆ ನಾವೇ ಓದಿ ಹೇಳಬೇಕಾಗುತ್ತದೆ. ಬಿಜಾಪುರ, ಬೆಳಗಾವಿ, ಧಾರವಾಡ ಕಡೆಯಿಂದ ಬಂದ ಮಿತ್ರರ ಊರುಗಳು 1956ರವರೆಗೆ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಅಲ್ಲಿ ಪಹಣಿಗೆ ಉತಾರ ಎನ್ನುತ್ತಾರೆ. 1948ರ ಮುಂಬಯಿ ಗೇಣಿ ಕಾಯಿದೆ ಆಗ ಅಲ್ಲಿಯೂ ಜಾರಿಯಲ್ಲಿದ್ದುದರಿಂದ ಒಕ್ಕಲಿನವರ ಹೆಸರು ಕರಾವಳಿಗಿಂತ ಮೊದಲೇ ದಾಖಲೆಗೆ ಬಂದಿರುವ ಸಾಧ್ಯತೆಯಿದೆ.

ನಾಗಬನದ ವಿಷಯ. ಮೂಲಸ್ಥಾನವನ್ನು ಹುಡುಕಲು ಪ್ರಶ್ನೆ ಇಡಿಸುವ ಪದ್ಧತಿ ನಮ್ಮಲ್ಲಿ ಬಲವಾಗಿದೆ. ನಂಬಿಕೆಯ ಬಗ್ಗೆ ನಾವು ಇಲ್ಲಿ ತರ್ಕ ಮಾಡುವುದಿಲ್ಲ. ಆದರೆ ಬನಕ್ಕೆ ತನಿಲ ಹೊಯ್ಯಲು ನಾಗರಪಂಚಮಿಯ ದಿನ ಯಾವ ಯಾವ ಮನೆಯವರು ಬರುತ್ತಾರೆ ಎಂಬುದು ಒಳ್ಳೆಯ ಸಾಕ್ಷ್ಯ. ಎಂದೋ ಚದುರಿಹೋದ ಒಂದೇ ಕುಟುಂಬದ ಕವಲುಗಳು ವರ್ಷಕ್ಕೊಮ್ಮೆ ಅಲ್ಲಿ ಕೂಡುತ್ತವೆ. ದೈವದ ಕೋಲದಲ್ಲಿ ಮನೆತನಗಳನ್ನು ಕ್ರಮವಾಗಿ ಹೆಸರು ಹಿಡಿದು ಕರೆಯುವಾಗ ಗ್ರಾಮದ ಹಳೆಯ ವ್ಯವಸ್ಥೆಯೇ ಕಿವಿಗೆ ಬೀಳುತ್ತದೆ. ಪ್ರಶ್ನೆಯಲ್ಲಿ ಬಂದ ಊರನ್ನು ಡಿಕ್ಲರೇಶನ್ ಕಡತದೊಡನೆ ಹೋಲಿಸಿ ನೋಡಿದರೆ ಮಾತ್ರ ನಮಗೆ ಸಮಾಧಾನ. ಕ್ರೈಸ್ತ ಬಂಧುಗಳಿಗೆ ಚರ್ಚಿನ ಜ್ಞಾನಸ್ನಾನ, ಮದುವೆ ಪುಸ್ತಕಗಳಿವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ದಾಖಲೆಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸಂರಕ್ಷಿತವಾಗಿವೆ. ಈ ವಿಷಯದಲ್ಲಿ ಅವರು ನಮಗಿಂತ ಅದೃಷ್ಟವಂತರು.

ಒಕ್ಕಲಿನವರಿಗಿಂತ ಕೆಳಗೆ ಇದ್ದವರ ಪಾಡು ಕಠಿಣ. ಗೇಣಿಗೂ ಭೂಮಿ ಸಿಗದ, ಮೂಲದಾಳುಗಳಾಗಿ ಒಂದು ಮನೆಗೆ ತಲೆಮಾರುಗಟ್ಟಲೆ ದುಡಿದ ದಲಿತ ಕುಟುಂಬಗಳ ಹೆಸರು ಗೇಣಿ ಪುಸ್ತಕದಲ್ಲೂ ಇಲ್ಲ. ಸ್ವಂತ ಬೇಸಾಯದ ಆಸೆ ಹೊತ್ತ ಚೋಮನಿಗೆ ಭೂಮಿ ಏಕೆ ಸಿಗಲಿಲ್ಲವೆಂಬುದನ್ನು ಶಿವರಾಮ ಕಾರಂತರ 'ಚೋಮನ ದುಡಿ' ಓದಿದವರು ಬಲ್ಲರು. ಬುಕಾನನ್ನನ ಪುಸ್ತಕದಲ್ಲಿ ಇಂಥ ಆಳುಗಳಿಗೆ ಕೊಡುತ್ತಿದ್ದ ಅಕ್ಕಿ, ಬಟ್ಟೆಗಳ ವಿವರವಿದೆ, ಒಬ್ಬರ ಹೆಸರೂ ಇಲ್ಲ. 1843ರಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದರೂ ಜೀತ ಬೇರೆ ಹೆಸರಿನಲ್ಲಿ ಮುಂದುವರಿಯಿತು. ಅದನ್ನು ರದ್ದುಪಡಿಸುವ ಕೇಂದ್ರ ಕಾಯಿದೆ ಬಂದದ್ದು 1976ರಲ್ಲಿ. ಈ ಕುಟುಂಬಗಳವರು ಹುಡುಕಬೇಕಾದದ್ದು ಭೂಸುಧಾರಣಾ ಕಾಯಿದೆಯಡಿ ಕೃಷಿ ಕಾರ್ಮಿಕರು ತಮ್ಮ ವಾಸದ ಮನೆಯ ಹಕ್ಕಿಗಾಗಿ ಕೊಟ್ಟ ಅರ್ಜಿಗಳನ್ನು, ದರ್ಖಾಸ್ತು ಕಡತಗಳನ್ನು, ಶಾಲೆಗೆ ಹೋದ ಮೊದಲ ಮಗುವಿನ ದಾಖಲಾತಿಯನ್ನು. ದುಡಿಸಿಕೊಂಡ ಮನೆಯ ಹೆಸರು ತಿಳಿದಿದ್ದರೆ ಆ ಮನೆಯ ಡಿಕ್ಲರೇಶನ್ ಕಡತದ ಸಾಕ್ಷಿಗಳಲ್ಲಿ ಅಜ್ಜನ ಹೆಸರು ಸಿಕ್ಕೀತು. ಸಾಕ್ಷಿಗೆ ಕರೆತಂದ ಕೂಲಿಯಾಳಿನ ಹೆಸರು, ವಯಸ್ಸು, ವಾಸಸ್ಥಳ ಅಲ್ಲಿ ಬರೆದಿರುತ್ತದೆ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ನೆರೂಲ್, ಬೇಲಾಪುರ, ವಾಶಿಗಳಲ್ಲಿ ನಮ್ಮ ಕಟ್ಟಡಗಳು ನಿಂತಿರುವ ನೆಲವೂ ಒಂದು ಕಾಲದ ಗದ್ದೆ ಮತ್ತು ಉಪ್ಪಿನ ಮಡಿಗಳೇ. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ, ಆಗರಿ, ಕೋಳಿ ಜನರ 95 ಹಳ್ಳಿಗಳ ಭೂಮಿಯನ್ನು ಸ್ವಾಧೀನ ಮಾಡಿಕೊಳ್ಳಲಾಯಿತು. 1984ರ ಜನವರಿಯಲ್ಲಿ ಉರಣ್ ಪರಿಸರದ ಚಳವಳಿಯಲ್ಲಿ ಐವರು ರೈತರು ಪೋಲೀಸರ ಗುಂಡಿಗೆ ಬಲಿಯಾದರು. ತಮ್ಮ ಅಜ್ಜನ ಹೊಲ ಎಲ್ಲಿತ್ತೆಂದು ಆ ಮನೆಗಳ ಮಕ್ಕಳಿಗೂ ಸೆಕ್ಟರ್ ನಂಬರಿನಲ್ಲೇ ಹೇಳಬೇಕಾಗಿದೆ.

ಈ ವರ್ಷ ಊರಿಗೆ ಹೋಗುವವರಿಗೆ ಕೊನೆಯದಾಗಿ ಕೆಲವು ಉಪಯುಕ್ತ ವಿಷಯಗಳು. ಮೇ ತಿಂಗಳಲ್ಲಿ ಮದುವೆ, ಕೋಲ, ಬ್ರಹ್ಮಕಲಶಗಳ ನಡುವೆ ಕಚೇರಿಯ ಕೆಲಸ ಕೈಗೂಡುವುದಿಲ್ಲ. ನಕಲು ಅರ್ಜಿಯನ್ನು ಮುಂಚಿತವಾಗಿಯೇ ಅಂಚೆಯಲ್ಲಿ ಕಳುಹಿಸಿರಬೇಕು. ಹಿರಿಯರನ್ನು ಮಾತನಾಡಿಸುವಾಗ ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ; ಅವರು ಹೇಳುವ ಗದ್ದೆಯ ಹೆಸರುಗಳನ್ನು ತಿದ್ದದೆ ಹಾಗೆಯೇ ಬರೆದುಕೊಳ್ಳಿ, ಏಕೆಂದರೆ ಗೇಣಿಚೀಟಿನಲ್ಲೂ ಕಂಬಳಗದ್ದೆ, ಬಾಕಿಮಾರು ಎಂಬಂಥ ಅದೇ ಹೆಸರುಗಳು ಇರುತ್ತವೆ. ಸಾಧ್ಯವಿದ್ದರೆ ಅವರನ್ನೇ ಗದ್ದೆಯ ಬದುವಿಗೆ ಕರೆದೊಯ್ಯಿರಿ. ಮನೆಯ ಜಗಲಿಯಲ್ಲಿ ನೆನಪಾಗದ ಹೆಸರುಗಳು ಅಲ್ಲಿ ನಿಂತಾಗ ಒಂದರ ಹಿಂದೊಂದು ಬರುತ್ತವೆ.